ಜಾವಾಸ್ಕ್ರಿಪ್ಟಿಗೆ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಾನು ದನಿ ಏರಿಸಿದೆ, ನೀನು ಫೋನ್ ಇಟ್ಟುಬಿಟ್ಟೆ. ದನಿ ಏರಿಸಿದ್ದಕ್ಕೆ ಬೇಸರವಿದೆ. ಹೇಳಿದ ಮಾತಿಗೆ ಇಲ್ಲ. "ಕೋಬಾಲ್ ಕಾಲದವಳಿಗೆ ವೆಬ್ ಏನು ಗೊತ್ತು" ಎಂದೆಯಲ್ಲ, ಅದು ಚುಚ್ಚಿತು. 1959ರಲ್ಲಿ ರೂಪುಗೊಂಡ ಆ ಪ್ರೋಗ್ರಾಮಿಂಗ್ ಭಾಷೆ ಇಂದಿಗೂ ಬ್ಯಾಂಕುಗಳಲ್ಲಿ ದುಡಿಯುತ್ತಿದೆ, ಈ ಮನೆಯ ಖರ್ಚನ್ನೂ ಅದೇ ತೂಗಿಸಿತು. ಇರಲಿ.

ನೀನು ಪೈಥಾನ್ ಬಿಟ್ಟು ಜಾವಾಸ್ಕ್ರಿಪ್ಟ್ ಕಲಿಯುವುದಕ್ಕೆ ನನ್ನ ತಕರಾರಿಲ್ಲ. ಬ್ರೌಸರಿನೊಳಗೆ ಹೇಗೂ ಅದೇ ಬೇಕು. ಬ್ರೌಸರಿನ ಹೊರಗೂ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ 2009ರಲ್ಲಿ ಬಂದ ಮೇಲೆ ಸರ್ವರ್ ಕಡೆಯ ಕೆಲಸವನ್ನೂ ಅದರಲ್ಲೇ ಮಾಡಬಹುದು. ಆದರೆ ನೀನು ಕೊಟ್ಟ ಕಾರಣ ಅದಲ್ಲ. "ಪೈಥಾನಿನಲ್ಲಿ ನನ್ನ ಆ್ಯಪ್ ಎಲ್ಲವನ್ನೂ ಮರೆತುಬಿಡುತ್ತದೆ" ಎಂದೆ. ಪಾಪ, ಪೈಥಾನಿನ ಮೇಲೆ ಏಕೆ ಗೂಬೆ ಕೂರಿಸುತ್ತೀಯ?

ಆ ಆ್ಯಪಿನ ಎರವಲು ಪುಸ್ತಕಗಳ ಪಟ್ಟಿಯನ್ನು ನೀನು ಇಡೀ ಪ್ರೋಗ್ರಾಮಿಗೆ ಒಂದೇ ಆಗಿರುವ ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟಿದ್ದೀಯ. ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಮೆಮೊರಿಯಲ್ಲಿದ್ದದ್ದು ಹೋಗದೆ ಏನು ಮಾಡೀತು? ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸರ್ವರ್ ಓಡುತ್ತಿರುವಷ್ಟು ಹೊತ್ತು ಆ ಪಟ್ಟಿ ಬಂದವರಿಗೆಲ್ಲ ಒಂದೇ. ಗೆಳತಿ ಸೇರಿಸಿದ ಪುಸ್ತಕ ನಿನ್ನ ಪುಟದಲ್ಲಿ ಕಾಣಿಸಿದಾಗ ನಿನಗೆ ನಗು ಬಂತು, ನನಗೆ ಬರಲಿಲ್ಲ. ಪುಸ್ತಕದ ಜಾಗದಲ್ಲಿ ಯಾರದೋ ವೈದ್ಯಕೀಯ ವರದಿ ಇದ್ದಿದ್ದರೆ? ಅದೇ ಕೋಡನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆದರೂ ಅದೇ ಆಗುತ್ತದೆ. ಬಂದವರು ಯಾರು ಎಂದು ಸರ್ವರಿಗೆ ತಾನಾಗಿ ತಿಳಿಯದು. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಯ ಸ್ವಭಾವವೇ ಹಾಗೆ: ಒಂದು ವಿನಂತಿ, ಅದಕ್ಕೊಂದು ಉತ್ತರ, ಅಲ್ಲಿಗೆ ಋಣ ಹರಿಯಿತು. ಮುಂದಿನ ಸಲ ನೀನು ಹೋದಾಗ ಅದಕ್ಕೆ ನಿನ್ನ ಗುರುತಿಲ್ಲ. ಈ ತೊಂದರೆಗಾಗಿಯೇ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಕುಕಿಯನ್ನು, ಅಂದರೆ ಬ್ರೌಸರ್ ಇಟ್ಟುಕೊಳ್ಳುವ ಪುಟ್ಟ ಚೀಟಿಯನ್ನು, ತಂದದ್ದು. ಅದೇ ಕಂಪನಿಯಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಸಿದ್ಧಪಡಿಸಿದ್ದು ಮರುವರ್ಷ. ನೀನು ಯಾವ ಭಾಷೆಯ ಕಡೆಗೆ ಓಡುತ್ತಿದ್ದೀಯೋ ಅದಕ್ಕಿಂತ ನಿನ್ನ ಸಮಸ್ಯೆಯೇ ಹಿರಿಯದು.

ಸರ್ವರ್ ಕುಕಿಯಲ್ಲಿ ಒಂದು ಗುರುತನ್ನು ಕಳುಹಿಸುತ್ತದೆ, ಬ್ರೌಸರ್ ಪ್ರತಿ ವಿನಂತಿಯೊಡನೆ ಅದನ್ನು ಮರಳಿ ತೋರಿಸುತ್ತದೆ, ಸರ್ವರ್ ಆ ಗುರುತು ಹಿಡಿದು ಡೇಟಾಬೇಸಿನಿಂದ ನಿನ್ನ ಪಟ್ಟಿಯನ್ನು ತೆಗೆಯುತ್ತದೆ. ಇಷ್ಟನ್ನು ಪೈಥಾನಿನಲ್ಲೇ ಮಾಡಿ ಆಮೇಲೆ ಹೊರಡು. ಒಂದು ಸಾಮಾನ್ಯ ವಿಂಡೊ, ಅದರ ಕುಕಿಗಳನ್ನು ಹಂಚಿಕೊಳ್ಳದ ಒಂದು ಇನ್‌ಕಾಗ್ನಿಟೊ ವಿಂಡೊ ತೆರೆದು ಎರಡರಲ್ಲೂ ಬೇರೆ ಬೇರೆ ಹೆಸರಿನಲ್ಲಿ ಲಾಗಿನ್ ಆಗು. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಕಾಣಬಾರದು. ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡು, ಎರಡೂ ಪಟ್ಟಿಗಳು ಉಳಿದಿರಬೇಕು. ನೋಡು, ಪತ್ರ ಬರೆಯಲು ಕುಳಿತವಳು ಮತ್ತೆ ಪಾಠಕ್ಕೇ ಇಳಿದೆ.

ನನ್ನ ಹೆದರಿಕೆ ಇಷ್ಟೇ. ತಪ್ಪು ಭಾಷೆಯದು ಎಂದುಕೊಂಡು ಈಗ ಬದಲಿಸಿದರೆ, ಅಲ್ಲೂ ಪಟ್ಟಿ ಮಾಯವಾದ ದಿನ ಮೂರನೆಯದನ್ನು ಹುಡುಕುತ್ತೀಯ. ಎಲ್ಲ ಭಾಷೆಗಳಲ್ಲೂ ಮೊದಲ ಅಧ್ಯಾಯ ಮುಗಿಸಿದವರನ್ನು ನಾನು ಬಹಳ ನೋಡಿದ್ದೇನೆ. ನೀನು ಅವರಂಥವಳಲ್ಲ, ಗೊತ್ತು. ಪೈಥಾನಿನ ದೋಷ ಸಂದೇಶವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದನ್ನು ನಿನಗೆ ಯಾರೂ ಹೇಳಿಕೊಡಲಿಲ್ಲ. ಅಂದು ಬಾಗಿಲ ಬಳಿ ನಿಂತು ನೋಡುತ್ತಿದ್ದೆ, ಹೇಳಲಿಲ್ಲ. ಹೆಮ್ಮೆಯನ್ನು ಬಾಯಿ ಬಿಟ್ಟು ಹೇಳುವುದು ನನಗೆ ಬರುವುದಿಲ್ಲ. ಅಂದ ಹಾಗೆ ಜಾವಾಸ್ಕ್ರಿಪ್ಟಿನಲ್ಲಿ ಸಂದೇಶ ಮೇಲ್ಗಡೆಯೇ ಇರುತ್ತದೆ, ಅಭ್ಯಾಸ ಬದಲಿಸಿಕೋ.

ಇನ್ನೊಂದು ವಿಷಯ. ಪುಟದ ಫಾರ್ಮಿನಲ್ಲಿ ತುಂಬಿ ಕಳುಹಿಸಿದ ಅಂಕಿಯೂ ಪಠ್ಯವಾಗಿಯೇ ಬರುತ್ತದೆ, ಅಂಕಿಯಾಗಿ ಅಲ್ಲ. "5" + 3 ಎಂದರೆ ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ "53" ಎಂದು ಕೊಟ್ಟು ಸುಮ್ಮನೆ ಮುಂದೆ ಹೋಗುತ್ತದೆ. 10, 9, 1 ಇರುವ ಪಟ್ಟಿಗೆ ಸಾರ್ಟ್ ಎಂದಷ್ಟೇ ಹೇಳಿದರೆ ಅಂಕಿಗಳನ್ನೂ ಪಠ್ಯದಂತೆ ಹೋಲಿಸಿ 1, 10, 9 ಎಂದು ಜೋಡಿಸುತ್ತದೆ. ಬಯ್ಯದ ಭಾಷೆಯೊಡನೆ ಹೆಚ್ಚು ಎಚ್ಚರವಾಗಿರಬೇಕು. ಬಯ್ಯುವ ಅಮ್ಮನ ಪರವಾಗಿ ಇದೂ ಒಂದು ವಾದ ಎಂದುಕೋ.

ಭಾನುವಾರ ಫೋನ್ ಮಾಡು, ನೋಡ್ ಹಾಕಿಕೊಳ್ಳುವಾಗ ನಾನೂ ಜೊತೆಗೆ ಕೂರುತ್ತೇನೆ. ಅಷ್ಟರೊಳಗೆ ಆ ಯೂಸರ್ ಟೇಬಲ್ ಸರಿಪಡಿಸು. ಪಾಸ್‌ವರ್ಡ್‌ಗಳನ್ನು ಇದ್ದ ಹಾಗೆಯೇ ಬರೆದಿಟ್ಟಿದ್ದೀಯ, ಮೊನ್ನೆ ನೋಡಿದೆ. ಪಾಸ್‌ವರ್ಡನ್ನು ಮರಳಿ ಓದಲಾಗದ ರೂಪಕ್ಕೆ ತಿರುಗಿಸುವ ಬಿಕ್ರಿಪ್ಟ್ ಬಳಸು.

ನಿನ್ನ ಅಮ್ಮ