ಪ್ರಾರ್ಥನೆಯ ಮಾತು ಮರೆತ ಅಮ್ಮನ ವಿಷಯವಾಗಿ

ಜಯನಗರ, ಬೆಂಗಳೂರು

ಪ್ರಿಯ ಮಗಳೇ,

ಕರ್ತನ ಸಮಾಧಾನ ನಿನ್ನೊಂದಿಗಿರಲಿ. ನಿನ್ನ ಕಾಗದದಲ್ಲಿದ್ದ ಔಷಧಿ, ಖರ್ಚು, ನಿನ್ನ ಅಣ್ಣನ ಸಮಾಚಾರ ಎಲ್ಲವೂ ನಮಗೆ ಗೊತ್ತಿರುವುದೇ. ಆದರೆ ಹಡ್ಸನ್ ದೇವಾಲಯದಲ್ಲಿ ಸಭೆಯವರೆಲ್ಲ ಕರ್ತನ ಪ್ರಾರ್ಥನೆ ಹೇಳುತ್ತಿದ್ದಾಗ ನಿನ್ನ ಅಮ್ಮ "ನಮ್ಮ ಅನುದಿನದ ಆಹಾರವನ್ನು" ಎಂಬಲ್ಲಿಗೆ ನಿಂತು, ಮುಂದಿನ ಮಾತು ಸಿಗದೆ ನಿನ್ನ ಮುಖ ನೋಡಿದಳೆಂದೂ, ಪ್ರಾರ್ಥಿಸಲು ಕಲಿಸಿದವಳೇ ದೇವರನ್ನು ಮರೆತರೆ ದೇವರು ಅವಳನ್ನು ತನ್ನವಳೆಂದು ಎಣಿಸುವನೇ ಎಂದೂ ಬರೆದಿದ್ದೀಯಲ್ಲ, ಆ ಸಾಲು ಓದಿದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ತಾಯಂದಿರ ಭಾನುವಾರ ಬಂದಾಗಲೆಲ್ಲ ಸತ್ಯವೇದದಿಂದ ಪ್ರವಾದಿ ಯೆಶಾಯನ ಗ್ರಂಥದ 49ನೆಯ ಅಧ್ಯಾಯವನ್ನು ಓದುತ್ತಾರೆ. ಹೆತ್ತವಳು ಮೊಲೆಕೂಸನ್ನು ಮರೆತಾಳೇ ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ತಾಯಿಯನ್ನು ಹೊಗಳುವ ಪ್ರಸಂಗಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಪ್ರವಾದಿ ಅಲ್ಲಿಗೆ ನಿಲ್ಲಿಸುವುದಿಲ್ಲ, ಮಗಳೇ. ಆಕೆ ಮರೆತರೂ ಮರೆತಾಳು ಎಂದು ಒಪ್ಪಿಕೊಂಡು, ನಾನಾದರೋ ಮರೆಯೆನು, ನನ್ನ ಅಂಗೈಗಳಲ್ಲಿ ನಿನ್ನನ್ನು ಚಿತ್ರಿಸಿಕೊಂಡಿದ್ದೇನೆ ಎಂದು ದೇವರ ಬಾಯಲ್ಲಿ ಹೇಳಿಸುತ್ತಾನೆ. ತಾಯಿಗೂ ಮರೆವು ಬರಬಹುದೆಂಬುದು ಸತ್ಯವೇದಕ್ಕೆ ಮೊದಲೇ ತಿಳಿದಿತ್ತು.

ನಿನಗೆ ದೀಕ್ಷಾಸ್ನಾನವಾದ ದಿನ ನೀನು ಒಂದು ಮಾತನ್ನೂ ಆಡಲಿಲ್ಲ, ಕೂಸಾಗಿ ಅಳುತ್ತಿದ್ದೆ ಅಷ್ಟೆ. ಸಭಾಪಾಲಕರು ಕೇಳಿದ ಪ್ರಶ್ನೆಗಳಿಗೆಲ್ಲ ನಿನ್ನ ಪರವಾಗಿ ನಿನ್ನ ಅಪ್ಪ ಅಮ್ಮ ಉತ್ತರ ಕೊಟ್ಟರು. ನಂಬಿಕೆಯೆಂದರೇನೆಂದು ತಿಳಿಯದ ಕೂಸನ್ನು ಆ ಹೊತ್ತು ದೇವರು ತನ್ನದೆಂದು ಎಣಿಸಿದ್ದು ನಿಜವಾದರೆ, ಈಗ ಮಾತು ಕಳೆದುಕೊಳ್ಳುತ್ತಿರುವ ನಿನ್ನ ಅಮ್ಮನನ್ನು ಹೊರಗಿಡುವನೆಂದು ನಂಬಲು ನನ್ನಿಂದಾಗದು. ಅವಳು ನಿಲ್ಲಿಸಿದ ಸಾಲನ್ನು ನೀನು ಮುಂದುವರಿಸಿ ಹೇಳಿದೆಯಲ್ಲ, ಅದೂ ಅವಳ ಪ್ರಾರ್ಥನೆಯೇ ಎಂದು ನನ್ನ ಎಣಿಕೆ.

ಸಂತ ಅಗಸ್ಟೀನನ ತಾಯಿ ಮೋನಿಕಾಳ ಕತೆಯಲ್ಲಿ ಮಗನಿಗಾಗಿ ಸುರಿಸಿದ ಕಣ್ಣೀರನ್ನೇ ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸು ಹೋಗುವುದು ಅವಳ ಕೊನೆಯ ದಿನಗಳ ಕಡೆಗೆ. ಕ್ರಿ.ಶ. 387ರಲ್ಲಿ, ಮಗನಿಗೆ ದೀಕ್ಷಾಸ್ನಾನವಾದ ವರ್ಷವೇ, ಊರಿಗೆ ಮರಳುವ ದಾರಿಯಲ್ಲಿ ರೋಮಿನ ಬಳಿಯ ಓಸ್ಟಿಯಾ ಬಂದರಿನಲ್ಲಿ ಅವಳಿಗೆ ಜ್ವರ ಬಂತು. ಪ್ರಜ್ಞೆ ತಪ್ಪಿ ಎಚ್ಚೆತ್ತವಳು ತಾನು ಎಲ್ಲಿದ್ದೆನೆಂದು ಕೇಳಿದಳು. ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಬಹುಕಾಲ ಆಸೆಪಟ್ಟಿದ್ದವಳು, ಈ ದೇಹವನ್ನು ಎಲ್ಲಿ ಬೇಕಾದರೂ ಹೂಳಿರಿ, ಕರ್ತನ ಬಲಿಪೀಠದ ಬಳಿ ಮಾತ್ರ ನನ್ನನ್ನು ನೆನೆಯಿರಿ ಎಂದು ಮಕ್ಕಳಿಗೆ ಹೇಳಿದಳು. ನೆನೆಯುವ ಕೆಲಸ ಅಂದು ತಾಯಿಯಿಂದ ಮಕ್ಕಳ ಕೈಗೆ ಬಂತು.

ನಮ್ಮ ಅವ್ವ, ಅಂದರೆ ನಿನ್ನ ಅಜ್ಜಿ, ಬೆಳಗಿನ ಜಾವ ಒಲೆ ಹಚ್ಚುವುದಕ್ಕೆ ಮೊದಲು ಮೊಣಕಾಲೂರಿ ಬಹಳ ಹೊತ್ತು ಪ್ರಾರ್ಥಿಸುತ್ತಿದ್ದಳು. ನಾನೂ ನಿನ್ನ ಅಮ್ಮನೂ ಕಂಬಳಿಯೊಳಗಿಂದ ಕೇಳಿಸಿಕೊಳ್ಳುತ್ತಿದ್ದೆವು. ಹೆಸರುಗಳು ಮಾತ್ರ ಕೇಳಿಸುತ್ತಿದ್ದವು, ನಡುವಿನ ಬೇಡಿಕೆಗಳು ಪಿಸುಮಾತಿನಲ್ಲಿ ಮುಳುಗಿಹೋಗುತ್ತಿದ್ದವು. ಏನು ಬೇಡುತ್ತಿದ್ದೆ ಎಂದು ಅವ್ವನನ್ನು ಕೇಳದೆ ಉಳಿದದ್ದು ಈ ವಯಸ್ಸಿನಲ್ಲಿಯೂ ನನ್ನನ್ನು ನೋಯಿಸುತ್ತದೆ. ಆ ಕಂಬಳಿಯ ನೆನಪನ್ನು ಹಂಚಿಕೊಳ್ಳಲು ನಿನ್ನ ಅಮ್ಮ ಒಬ್ಬಳಿದ್ದಳು. ಈಗ ಅವಳು ನಿನ್ನನ್ನೇ ಅವ್ವ ಎಂದು ಕರೆಯುತ್ತಾಳಂತೆ. ಅವಳನ್ನು ತಿದ್ದಬೇಡ.

ತಾಯಂದಿರ ದಿನದ ಗುಲಾಬಿಯನ್ನು ಹಿಡಿದು ಇದು ಯಾರಿಗೆಂದು ಕೇಳಿದಳೆಂದು ಬರೆದಿದ್ದೀಯ. ಅದಕ್ಕೆ ಅಷ್ಟು ನೊಂದುಕೊಳ್ಳಬೇಕಾಗಿಲ್ಲ. 1908ರಲ್ಲಿ ಅಮೆರಿಕದ ಮೆಥೊಡಿಸ್ಟ್ ಚರ್ಚೊಂದರಲ್ಲಿ ತನ್ನ ತಾಯಿಯ ನೆನಪಿಗಾಗಿ ತಾಯಂದಿರ ದಿನದ ಆರಾಧನೆಯನ್ನು ಏರ್ಪಡಿಸಿದ ಆನಾ ಜಾರ್ವಿಸ್‌ಳೇ ಮುಂದೆ ಹೂವು ಕಾರ್ಡುಗಳ ವ್ಯಾಪಾರ ಕಂಡು ರೋಸಿಹೋಗಿದ್ದಳು.

ಬುದ್ಧಿ ಹೇಳುವಷ್ಟು ನಾನು ತಿಳಿದವಳಲ್ಲ, ಆದರೂ ಒಂದೆರಡು ಮಾತು. ಥೈರಾಯ್ಡ್ ದೋಷ, ಬಿ12 ಕೊರತೆಗಳಿಂದಲೂ ಮರೆವು ಹೆಚ್ಚುವುದುಂಟು. ಆ ರಕ್ತಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸು, ನಿಮ್ಹಾನ್ಸ್‌ನಲ್ಲಿ ವೃದ್ಧರನ್ನು ನೋಡುವ ವಿಭಾಗಕ್ಕೂ ಒಮ್ಮೆ ಕರೆದುಕೊಂಡು ಹೋಗು. ಆಡುಮಾತು ಹೋದ ಮೇಲೂ ಹಾಡು ಉಳಿಯುವುದುಂಟಂತೆ. ಚಿಕ್ಕಂದಿನ ಕೀರ್ತನೆಗಳನ್ನು ಹಾಡಿ ನೋಡು, ಹೊಸ ಹಾಡುಗಳು ಬೇಡ. ಆರಾಧನೆಗೆ ಕರೆದುಕೊಂಡು ಹೋಗುವುದನ್ನು ಮಾತ್ರ ನಾಚಿಕೆಯಿಂದ ನಿಲ್ಲಿಸಬೇಡ. ಬಾಗಿಲ ಹತ್ತಿರದ ಬೆಂಚಿನಲ್ಲಿ ಕುಳಿತರೆ ಎದ್ದು ಹೋಗುವುದು ಸುಲಭ. ನನ್ನ ಮಂಡಿನೋವು ಸ್ವಲ್ಪ ಇಳಿದರೆ ಬರುವ ಭಾನುವಾರ ನಾನೂ ಬಂದು ಅವಳ ಇನ್ನೊಂದು ಪಕ್ಕದಲ್ಲಿ ಕೂರುತ್ತೇನೆ. ಶನಿವಾರ ಸಂಜೆ ಫೋನ್ ಮಾಡು.

ನಿನ್ನ ದೊಡ್ಡಮ್ಮ