ಅಜ್ಜಿ ಪಾತ್ರ ಕೊಟ್ಟರು ಅಂತ ಮುನಿಸಿಕೊಂಡ ಮಗಳಿಗೆ

ಪುಟ್ಟಿ,

ಫೋನಿನಲ್ಲಿ ನೀನು ಅಷ್ಟು ಜೋರಾಗಿ ಅತ್ತಿದ್ದು ಕೇಳಿ ನಿಮ್ಮಪ್ಪ ಗಾಬರಿ ಬಿದ್ದಿದ್ದರು, ಹಾಸ್ಟೆಲಿನಲ್ಲಿ ಏನೋ ಆಗಿದೆ ಅಂತ. ವಿಷಯ ನೋಡಿದರೆ ಇಷ್ಟೇ. ಕಾಲೇಜು ನಾಟಕದಲ್ಲಿ ನಿನ್ನ ರೂಮ್‌ಮೇಟ್‌ಗೆ ನಾಯಕಿ ಪಾರ್ಟು, ನಿನಗೆ ಊರವರನ್ನೆಲ್ಲ ಬೈಯುವ ಅಜ್ಜಿ ಪಾರ್ಟು. "ಜನ ನಗೋಕೆ ಅಂತ ಇಟ್ಟಿರೋ ಪಾತ್ರ ಅಮ್ಮ ಅದು" ಅಂದೆಯಲ್ಲ, ಆ ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಬಾಯಲ್ಲಿ ಹೇಳಿದರೆ ನಡುವೆ ಮಾತಾಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ತಿಪಟೂರಿನಲ್ಲಿ ಹುಟ್ಟಿ ಬೆಳೆದವಳು ಹೇಳುವ ಮಾತೇನೆ ಇದು? ಹಾಸ್ಯನಟ ನರಸಿಂಹರಾಜು ನಮ್ಮ ಊರಿನವರು. 1923ರಲ್ಲಿ ಇಲ್ಲೇ ಹುಟ್ಟಿದವರು, ನಾಟಕ ಕಂಪನಿಗಳಲ್ಲಿ ಬೆಳೆದು 1954ರಲ್ಲಿ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಜೊತೆಗೇ ಸಿನಿಮಾಕ್ಕೆ ಬಂದರು. ನಿಮ್ಮ ತಾತ ಪೋಸ್ಟರಿನಲ್ಲಿ ಮೊದಲು ಹುಡುಕುತ್ತಿದ್ದುದು ಹೀರೋನನ್ನಲ್ಲ, ನರಸಿಂಹರಾಜು ಹಲ್ಲನ್ನ. ಇನ್ನು ಪಕ್ಕದ ಗುಬ್ಬಿಯ ವೀರಣ್ಣನವರು. ನಾಟಕ ಕಂಪನಿಯ ಮಾಲೀಕರೇ ಅವರು, ಬೇಕು ಅಂದಿದ್ದರೆ ರಾಜನ ಪಾರ್ಟನ್ನೇ ಹಾಕಿಕೊಂಡು ಸಿಂಹಾಸನದ ಮೇಲೆ ಕೂರಬಹುದಿತ್ತು, ಅಲ್ವಾ? ಆದರೆ ಜನ ಇವತ್ತಿಗೂ ನೆನೆಸಿಕೊಳ್ಳುವುದು 'ಸದಾರಮೆ'ಯಲ್ಲಿ ಅವರು ಹಾಕುತ್ತಿದ್ದ ಕಳ್ಳನ ಪಾರ್ಟನ್ನ.

ಇರಲಿ, ಅವರೆಲ್ಲ ಹಳಬರು, ಗಂಡಸರು. ನಾನು ಹೇಳಬೇಕು ಅಂತಿರೋದು ಉಮಾಶ್ರೀ ಬಗ್ಗೆ.

ಅವರ ಊರು ನೊಣವಿನಕೆರೆ, ನಮ್ಮ ತಾಲ್ಲೂಕೇ. ಹುಟ್ಟಿದ್ದು 1957ರಲ್ಲಿ. ನಿನಗೆ ಅವರು 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಪುಟ್ಟಕ್ಕ ಅಂತಷ್ಟೇ ಗೊತ್ತು. ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿಕೊಂಡು ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿ. ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಕುಕ್ಕರ್ ಕೂಗಿದರೂ ಯಾರೂ ಏಳುತ್ತಿರಲಿಲ್ಲ. ನನಗೆ ಗೊತ್ತಿರುವ ಉಮಾಶ್ರೀ ಬೇರೆ. ನಾನು ಚಿಕ್ಕವಳಿದ್ದಾಗ ಅವರು ಅಂದರೆ ಹಾಸ್ಯನಟ ಎನ್.ಎಸ್. ರಾವ್ ಜೋಡಿ. ಅವರಿಬ್ಬರು ತೆರೆಗೆ ಬಂದರೆ ಸಾಕು, ಟಾಕೀಸಿನಲ್ಲಿ ಸಿಳ್ಳೆ. 1984ರಲ್ಲಿ ಕಾಶೀನಾಥರ 'ಅನುಭವ' ಬಂದ ಮೇಲೆ ಸಿನಿಮಾದವರು ಅವರಿಗೆ ಅಂಥ ಪಾತ್ರಗಳನ್ನೇ ಕೊಡುತ್ತಾ ಹೋದರು. ಘಟವಾಣಿ ಹೆಂಡತಿ, ಬಾಯಿಬಡುಕಿ ಪಕ್ಕದಮನೆಯವಳು, ಮಾತಿಗೆ ಎರಡೆರಡು ಅರ್ಥ. ಅದರಲ್ಲಿ ಕೆಲವು ಸೀನು ನನಗೆ ಈಗಲೂ ಇಷ್ಟವಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಆ ಮಾತು ಎಷ್ಟೇ ಕಳಪೆಯಾಗಿರಲಿ, ಹೇಳುತ್ತಿರುವ ಹೆಂಗಸು ನಿಜವಾಗಿಯೂ ಯಾವುದೋ ಬೀದಿಯಲ್ಲಿ ಬದುಕುತ್ತಿದ್ದಾಳೆ ಅನಿಸುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆ ನಿಂತರೆ, ಥೇಟ್ ನಮ್ಮ ನಲ್ಲಿ ಮುಂದೆ ನಿಂತ ಹಾಗೆ.

ಟಾಕೀಸಿನಲ್ಲಿ ಹೀಗೆ ನಗಿಸುತ್ತಿದ್ದವರೇ ನಾಟಕದಲ್ಲಿ ಸಾಕವ್ವ ಆಗುತ್ತಿದ್ದರು. ದೇವನೂರ ಮಹಾದೇವ ಅವರ 'ಒಡಲಾಳ', ಸಿ.ಜಿ. ಕೃಷ್ಣಸ್ವಾಮಿ ಆಡಿಸಿದ್ದು. ಕತೆ ನಿನಗೆ ಓದಿಸಿದ್ದೆ, ಮರೆತಿದ್ದರೆ ಮತ್ತೆ ಓದು. ಮುದುಕಿ ತನ್ನ ಹುಂಜ ಕಾಣೆಯಾಯಿತು ಅಂತ ಊರನ್ನೇ ಬೈದುಕೊಂಡು ಹುಡುಕುತ್ತಾಳೆ. ಓದುತ್ತಾ ಓದುತ್ತಾ ನಗು ಬರುತ್ತದೆ. ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ, ಆಗಲೂ ನಗುವೇ. ಪೊಲೀಸರು ಆ ಮನೆ ಹೊಕ್ಕಾಗ ಮಾತ್ರ ನಕ್ಕಿದ್ದಕ್ಕೆ ನಮಗೇ ಒಂಥರಾ ಆಗುತ್ತದೆ. ಆ ಮುದುಕಿಯನ್ನು ಆಡಿದಾಗ ಉಮಾಶ್ರೀ ಇನ್ನೂ ಚಿಕ್ಕ ವಯಸ್ಸಿನವರು. ಅಜ್ಜಿ ಪಾರ್ಟು ನನಗ್ಯಾಕೆ ಅಂದಿದ್ದರೆ ಸಾಕವ್ವ ಅವರಿಗೆ ಸಿಗುತ್ತಲೇ ಇರಲಿಲ್ಲ.

ಆಮೇಲೆ ಗಿರೀಶ್ ಕಾಸರವಳ್ಳಿ 'ಗುಲಾಬಿ ಟಾಕೀಸು' ಮಾಡಿದಾಗ ಗುಲಾಬಿಗೆ ಕರೆದದ್ದು ಇವರನ್ನೇ. ಕರಾವಳಿಯ ಸೂಲಗಿತ್ತಿ, ಸಿನಿಮಾ ಹುಚ್ಚಿನ ಹೆಂಗಸು. ಹೆರಿಗೆ ಮಾಡಿಸಿದ್ದಕ್ಕೆ ಟಿವಿ ಸಿಗುತ್ತದೆ, ಅಕ್ಕಪಕ್ಕದ ಹೆಂಗಸರು ನೋಡಲು ಬರುತ್ತಾರೆ, ಕೆಲವರು ಅವಳು ಮುಸ್ಲಿಮಳು ಅಂತ ಬರುವುದಿಲ್ಲ. 2007ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು, ಅತ್ಯುತ್ತಮ ನಟಿ ಅಂತ. ಆ ಸಿನಿಮಾದಲ್ಲಿ ಅವರು ಸಿನಿಮಾ ನೋಡುವಾಗಿನ ಮುಖವನ್ನು ಗಮನಿಸು. ಹಾಸ್ಯ ಮಾಡುವವರಿಗೆ ಮುಖ ಅರಳಿಸುವುದು ಗೊತ್ತಿರುತ್ತದಲ್ಲ, ಅದೇ ಮುಖ ಅದು. ಸ್ವಲ್ಪ ಕಡಿಮೆ ಮಾಡಿದ್ದಾರೆ, ಅಷ್ಟೇ. ಎಷ್ಟು ಕಡಿಮೆ ಮಾಡಬೇಕು ಅನ್ನುವುದು ಮಾತ್ರ ಟಾಕೀಸಿನ ಜನರನ್ನು ವರ್ಷಗಟ್ಟಲೆ ನಗಿಸಿದವರಿಗೇ ಗೊತ್ತಾಗುವುದು ಅಂತ ನನ್ನ ಲೆಕ್ಕ. ನಗು ಒಂದು ಕ್ಷಣ ಬೇಗ ಬಂದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ಅಳುವಿನ ಸೀನಿಗೆ ಹಿಂದಿನಿಂದ ಮ್ಯೂಸಿಕ್ಕಾದರೂ ಕೈ ಹಿಡಿಯುತ್ತದೆ.

ನಡುವೆ ರಾಜಕೀಯ. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದರು. ಅದನ್ನು ನಿಮ್ಮಪ್ಪನ ಹತ್ತಿರ ಕೇಳು, ಗಂಟೆಗಟ್ಟಲೆ ಹೇಳುತ್ತಾರೆ. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಅವರು ಯಕ್ಷಗಾನದ ಮಂಥರೆ ಮಾಡಿದ್ದು. ಅರವತ್ತೇಳು ವಯಸ್ಸಿಗೆ, ಗೊತ್ತಿಲ್ಲದ ಕಲೆ, ಕುಣಿಯಬೇಕು, ಅದೂ ರಾಣಿಯ ಪಾತ್ರವಲ್ಲ, ಗೂನುಬೆನ್ನಿನ ದಾಸಿಯದು.

ಈಗ ನಿನ್ನ ಅಜ್ಜಿ ವಿಷಯಕ್ಕೆ ಬರುತ್ತೇನೆ. ನನ್ನ ಅಜ್ಜಿಯನ್ನು ನೀನು ನೋಡಿಲ್ಲ. ಒಂದು ಸಲ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಅವರ ತಂಗಿ ತೀರಿಕೊಂಡ ಸುದ್ದಿ ಬಂತು. ಕೈ ನಿಲ್ಲಿಸಲಿಲ್ಲ. ಇನ್ನೂ ನಾಲ್ಕು ಕಾಯಿ ಸುಲಿದು, "ನನ್ನ ತಾಮ್ರದ ಚೊಂಬು ಇಸ್ಕೊಂಡು ಹೋಗಿದ್ಲು, ಕೊಡ್ಲೇ ಇಲ್ಲ ನೋಡು" ಅಂದರು. ನಾವು ಮಕ್ಕಳು ಕಿಸಕ್ಕನೆ ನಕ್ಕುಬಿಟ್ಟೆವು. ನಮ್ಮಮ್ಮ ಕಣ್ಣು ಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ನೋಡುತ್ತೇನೆ, ಅಜ್ಜಿ ಸಿಪ್ಪೆಯನ್ನು ಮೊರಕ್ಕೆ ಹಾಕುತ್ತಿದ್ದಾರೆ, ಕಾಳನ್ನು ತಿಪ್ಪೆಗೆ ಹಾಕುವ ಗುಡ್ಡೆಗೆ. ಯಾರೂ ಏನೂ ಹೇಳಲಿಲ್ಲ. ನಿನ್ನ ಪಾರ್ಟಿನ ಅಜ್ಜಿ ಯಾರನ್ನು, ಯಾತಕ್ಕೆ ಬೈಯುತ್ತಾಳೆ ಅಂತ ಒಂದು ಸಲ ಕೂತು ಯೋಚನೆ ಮಾಡು. ಡೈಲಾಗಿನಲ್ಲಿ ಇಲ್ಲದಿದ್ದರೆ ನೀನೇ ಹುಟ್ಟಿಸಿಕೋ. ಯಾರಿಗೂ ಹೇಳಬೇಕಾಗಿಲ್ಲ.

ಮತ್ತೆ ಒಂದು ಮಾತು. ಬೆನ್ನು ಬಗ್ಗಿಸಿ, ಕೋಲು ಹಿಡಿದು, ಧ್ವನಿ ನಡುಗಿಸಬೇಡ. ಸ್ಕೂಲ್ ಡೇ ಅಜ್ಜಿಯರೆಲ್ಲ ಮಾಡುವುದು ಅದನ್ನೇ. ನಮ್ಮ ಕಡೆ ಮುದುಕಿಯರು ಎಲ್ಲಿ ನಡುಗುತ್ತಾರೆ? ತೋಟದಿಂದ ತಲೆ ಮೇಲೆ ಗರಿ ಹೊತ್ತು ತರುತ್ತಾರೆ, ದನಿ ಎರಡು ಬೀದಿಗೆ ಕೇಳಿಸುತ್ತದೆ. ಕೂತಲ್ಲಿಂದ ಏಳುವಾಗ ಮಾತ್ರ ಒಂದು ಕೈ ಮಂಡಿ ಮೇಲೆ, ಇನ್ನೊಂದು ಕೈ ಗೋಡೆಗೆ, "ಶಿವನೇ" ಅಂತ ಒಂದು ಉಸಿರು. ಅಷ್ಟು ಸಾಕು. ಅದನ್ನು ಕನ್ನಡಿ ಮುಂದೆ ಮಾಡಬೇಡ, ದಸರಾ ರಜಕ್ಕೆ ಬಂದಾಗ ಪಕ್ಕದಮನೆ ಜಗಲಿಯಲ್ಲಿ ಸುಮ್ನೆ ಕೂತು ನೋಡು.

ನಾಟಕದ ತಾರೀಖು ಗೊತ್ತಾದ ತಕ್ಷಣ ತಿಳಿಸು, ನಿಮ್ಮಪ್ಪ ರಜೆ ಹಾಕಬೇಕು. ಅಜ್ಜಿಯ ಹತ್ತಿ ಸೀರೆ ಟ್ರಂಕಿನಲ್ಲಿ ಇದೆ, ಅಂಚು ಸ್ವಲ್ಪ ಹರಿದಿದೆ, ಪಾರ್ಟಿಗೆ ಅದೇ ಚೆನ್ನ. ಮೈಸೂರು ಬಸ್ಸಿಗೆ ಹಾಕಿ ಕಳಿಸುತ್ತೇನೆ. ಕುಪ್ಪಸ ನಿನಗೆ ಹಿಡಿಸುವುದಿಲ್ಲ, ಅದನ್ನು ಅಲ್ಲೇ ಯಾರ ಹತ್ತಿರವಾದರೂ ಇಸ್ಕೋ.

ಅಮ್ಮ