ಮಾತ್ರೆಯೂ ಬೇಕು, ಪಕ್ಕದಲ್ಲಿ ಕೂರುವವರೂ ಬೇಕು

ಮಾನ್ಯರೆ,

ಕ್ಯಾನ್ಸರ್ ಉಲ್ಬಣಿಸಿದ ಮೇಲೆ ವೈದ್ಯರು ಹೇಳುವ ‘ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂಬ ಮಾತನ್ನು ನಮ್ಮ ಕುಟುಂಬವೂ ಕೇಳಿದೆ. ಆ ಮಾತಿನ ನಂತರ ತಂದೆಯವರು ನಾಲ್ಕು ತಿಂಗಳು ಬದುಕಿದ್ದರು. ಬೆನ್ನುಮೂಳೆಗೆ ಹರಡಿದ ರೋಗದಿಂದ ರಾತ್ರಿಯಿಡೀ ನರಳುತ್ತಿದ್ದ ಅವರಿಗೆ ರೋಗ ವಾಸಿಯಾಗದಿದ್ದರೂ ನೋವು, ಸಂಕಟ ತಗ್ಗಿಸುವ ಉಪಶಾಮಕ ಚಿಕಿತ್ಸೆ ಎಂಬುದೊಂದಿದೆ ಎಂದು ತಿಳಿಸಿದ್ದು ಆಸ್ಪತ್ರೆಯಲ್ಲ, ಪರಿಚಯದ ನರ್ಸ್ ಒಬ್ಬರು. ಅಫೀಮಿನಿಂದ ತಯಾರಾಗುವ ನೋವುನಿವಾರಕವಾದ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡಲು ಶುರುಮಾಡಿದ ವಾರದಲ್ಲೇ ನರಳಾಟ ಬಹಳಷ್ಟು ತಗ್ಗಿತು. ಆದರೂ ಏನೋ ಉಳಿದಿತ್ತು. ಆಸ್ತಿಯ ಜಗಳದಲ್ಲಿ ಮಾತುಬಿಟ್ಟಿದ್ದ ತಮ್ಮನ ಮುಖ ನೋಡದೆ ಹೋಗುತ್ತೇನೆಂಬ ಕೊರಗನ್ನು ಅವರು ನಮ್ಮೆದುರಲ್ಲ, ಆ ನರ್ಸ್ ಎದುರು ಬಿಚ್ಚಿಟ್ಟರು. ಚಿಕ್ಕಪ್ಪ ಬಂದು ಒಂದು ಸಂಜೆ ಮಂಚದ ಪಕ್ಕ ಕೂತು ಹೋದರು. ನೋವು ಪೂರ್ತಿ ಹೋಯಿತೆಂದು ಹೇಳಲಾರೆ. ಆದರೆ ನಡುರಾತ್ರಿ ಎದ್ದು ಹೆಚ್ಚುವರಿ ಮಾತ್ರೆ ಕೇಳುವುದು ನಿಂತಿತು.

ಇದು ನಮ್ಮ ಮನೆಯ ಪವಾಡವೇನಲ್ಲ. ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆಯಾದ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಅವರು, ಸಾಯುವವರ ನೋವಿನಲ್ಲಿ ದೇಹದ್ದು, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲವೂ ಹೆಣೆದುಕೊಂಡಿರುತ್ತವೆ ಎಂದು ಕಂಡುಕೊಂಡು ಅದನ್ನು ‘ಸಮಗ್ರ ನೋವು’ ಎಂದು ಕರೆದರು. 1967ರಲ್ಲಿ ಲಂಡನ್ನಿನಲ್ಲಿ ಸಾವಿನ ಸನಿಹದಲ್ಲಿರುವವರ ಆರೈಕೆಗೆಂದೇ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ವಿಶ್ವ ಆರೋಗ್ಯ ಸಂಸ್ಥೆಯ ಉಪಶಾಮಕ ಚಿಕಿತ್ಸೆಯ ವ್ಯಾಖ್ಯೆಯಲ್ಲಿಯೂ ದೈಹಿಕ, ಮನೋಸಾಮಾಜಿಕ ಸಮಸ್ಯೆಗಳ ಜೊತೆಗೆ ಆಧ್ಯಾತ್ಮಿಕ ಸಮಸ್ಯೆಗಳಿಗೆ ಜಾಗವಿದೆ. ಆಧ್ಯಾತ್ಮಿಕ ಎಂದರೆ ಪೂಜೆ ಪುನಸ್ಕಾರ ಮಾತ್ರವಲ್ಲ. ‘ಯಾವ ಜನ್ಮದ ಪಾಪಕ್ಕೆ ಇದು?’ ಎಂದು ನಮ್ಮಲ್ಲಿ ರೋಗಿಗಳು ಕೇಳುತ್ತಾರಲ್ಲ, ಆ ಪ್ರಶ್ನೆ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ.

ಹಾಗೆಂದು ಮನಸ್ಸು ಗಟ್ಟಿಯಿದ್ದರೆ ಕ್ಯಾನ್ಸರ್ ಓಡಿಹೋಗುತ್ತದೆ ಎಂಬ ವಾಟ್ಸ್‌ಆ್ಯಪ್ ಪ್ರವಚನವನ್ನು ನಾನು ಒಪ್ಪುವುದಿಲ್ಲ. ತಂದೆಯವರನ್ನು ನೋಡಲು ಬಂದವರಲ್ಲಿ ಅರ್ಧದಷ್ಟು ಜನ ‘ಧೈರ್ಯ ತಂದುಕೊಳ್ಳಿ, ಎಲ್ಲ ಸರಿಹೋಗುತ್ತದೆ’ ಎಂದೇ ಹೇಳಿದರು. ಸರಿಹೋಗದಿದ್ದಾಗ, ತನ್ನ ಧೈರ್ಯವೇ ಸಾಲದೇ ಹೋಯಿತೇನೋ ಎಂದು ಅವರು ಅದಕ್ಕೂ ನೊಂದುಕೊಂಡರು. ಇದೇ ನಂಬಿಕೆಯಲ್ಲಿ ಔಷಧಿ ಬಿಟ್ಟು ಬಾಬಾಗಳ ಬಾಗಿಲು ಕಾಯುವವರದು ಇನ್ನೂ ದೊಡ್ಡ ದುರಂತ.

ಮಾರ್ಫಿನ್ ವಿಷಯದಲ್ಲಿ ಕಾನೂನಿನ ಅಡ್ಡಿ ಈಗ ಮೊದಲಿನಷ್ಟಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಯ ಬಿಗಿಯಿಂದಾಗಿ ಆಸ್ಪತ್ರೆಗಳು ಹಲವು ಪರವಾನಗಿಗಳಿಗೆ ಅಲೆಯಬೇಕಿತ್ತು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೇಶದಲ್ಲಿ ರೋಗಿಗೆ ಅದೇ ಅಫೀಮಿನ ಮಾತ್ರೆ ದುರ್ಲಭವಾಗಿದ್ದುದು ವಿಚಿತ್ರವೇ ಸರಿ. ಆದರೆ ಮಾತ್ರೆ ದೊರೆತ ಕಡೆಯೂ ರೋಗಿಯ ಮಾತು ಕೇಳುವವರ ಹುದ್ದೆ ಇರುವುದಿಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಉಚಿತ ಆರೈಕೆಯ ತಾಣ ರಾಜಧಾನಿಯಲ್ಲಿದೆ. ನಮ್ಮ ಮಲೆನಾಡಿನ ಹಳ್ಳಿಯಿಂದ ಹಾಸಿಗೆ ಹಿಡಿದವರನ್ನು ಅಲ್ಲಿಗೆ ಒಯ್ಯುವುದು ಹೇಗೆ? ನೆರೆಯ ಕೇರಳವು 2008ರಲ್ಲೇ ಉಪಶಾಮಕ ಚಿಕಿತ್ಸೆಗೆ ನೀತಿ ರೂಪಿಸಿ, ಪಂಚಾಯಿತಿಗಳ ಮೂಲಕ ನರ್ಸ್‌ಗಳನ್ನು ರೋಗಿಗಳ ಮನೆಗೇ ಕಳಿಸುವ ವ್ಯವಸ್ಥೆ ಮಾಡಿಕೊಂಡಿದೆ.

ನಮ್ಮ ರಾಜ್ಯದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಮಾರ್ಫಿನ್ ದಾಸ್ತಾನು ಇರಬೇಕು, ಅದನ್ನು ಬರೆದುಕೊಡಲು ತರಬೇತಾದ ವೈದ್ಯರು ಇರಬೇಕು, ವಾರಕ್ಕೊಮ್ಮೆಯಾದರೂ ರೋಗಿಯ ಮನೆಗೆ ಹೋಗಿ ಅವಸರವಿಲ್ಲದೆ ಕೂರುವ ನರ್ಸ್ ಅಥವಾ ಆಪ್ತ ಸಮಾಲೋಚಕರು ಇರಬೇಕು. ಆ ಕೂರುವ ಹೊತ್ತನ್ನು ಅವರ ಕೆಲಸದ ಭಾಗವೆಂದೇ ಲೆಕ್ಕಕ್ಕೆ ಹಿಡಿಯಲಿ ಎಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ.

ಇತಿ,
ನಿವೃತ್ತ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ